ಆನ್‌ಫೀಲ್ಡ್: ಪಂದ್ಯ ನಿಲ್ಲಿಸದೆ ಸ್ಟೇಡಿಯಂ ಬೆಳೆಸಿದ್ದು ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಆನ್‌ಫೀಲ್ಡ್ ಮೈದಾನದ ಹಳೆಯ ಫೋಟೊಗಳನ್ನು ನೋಡಿದರೆ ಅದು ಈಗಿನ ಸ್ಟೇಡಿಯಂ ಎಂದು ನಂಬಲಿಕ್ಕೇ ಆಗುವುದಿಲ್ಲ. ಇಷ್ಟೆಲ್ಲ ಕಟ್ಟುವಾಗ ತಂಡ ಬೇರೆ ಊರಿಗೆ ಹೋಗಿ ಆಡಲಿಲ್ಲವಂತೆ. ಅದು ಹೇಗೆ ಸಾಧ್ಯವಾಯಿತು? ಹೊಸ ಸ್ಟೇಡಿಯಂ ಕಟ್ಟುವುದನ್ನು ಬಿಟ್ಟು ಹಳೆಯದನ್ನೇ ಏಕೆ ಹಿಗ್ಗಿಸಿದರು? ಇನ್ನೊಂದು ಸಂದೇಹ: ಬೆಂಗಳೂರಿನ ಕಂಠೀರವದಲ್ಲಿ ಕೂತರೆ ಆಟಗಾರರು ಅಷ್ಟು ದೂರ ಕಾಣುವುದೇಕೆ?

ಉತ್ತರ: ಎರಡು ಸಂಖ್ಯೆಗಳಿಂದ ಶುರುಮಾಡೋಣ. 1952ರ ಫೆಬ್ರುವರಿ 2ರಂದು ಎಫ್‌ಎ ಕಪ್ ಪಂದ್ಯದಲ್ಲಿ ವುಲ್ವ್ಸ್ ವಿರುದ್ಧ ಲಿವರ್‌ಪೂಲ್ ಆಡಿದಾಗ ಆನ್‌ಫೀಲ್ಡ್‌ನಲ್ಲಿ ಸೇರಿದ್ದ ಜನ 61,905. ಅದು ಆ ಮೈದಾನದ ಸಾರ್ವಕಾಲಿಕ ದಾಖಲೆ. ಇವತ್ತು ಮೂರು ಅಂತಸ್ತಿನ ಸ್ಟ್ಯಾಂಡ್, ನೂರಾರು ಟನ್ನಿನ ಉಕ್ಕಿನ ಚಾವಣಿ ಎಲ್ಲ ಸೇರಿ ಹಿಡಿಸುವುದು ಸುಮಾರು 61,000 ಜನರನ್ನು. ಅಂದರೆ ಜನ ಅಷ್ಟೇ, ಆಡುವ ಅಂಗಳವೂ ಅದೇ; ಕಟ್ಟಡ ಮಾತ್ರ ಹಲವು ಪಟ್ಟು ಬೆಳೆದಿದೆ. ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೂ ಉತ್ತರ ಈ ವಿಚಿತ್ರದಲ್ಲೇ ಇದೆ.

ಮೊದಲು ಸ್ವಲ್ಪ ಇತಿಹಾಸ. ಇಲ್ಲಿ ಕ್ಲಬ್‌ಗಿಂತ ಮೈದಾನ ಹಳೆಯದು. 1884ರಲ್ಲಿ ಇಲ್ಲಿ ಆಡಲು ಬಂದದ್ದು ಎವರ್ಟನ್, ಇಂದಿನ ಬದ್ಧವೈರಿ. ಎವರ್ಟನ್‌ನ ಅಧ್ಯಕ್ಷ, ಬಿಯರ್ ಭಟ್ಟಿಯ ಮಾಲೀಕ ಜಾನ್ ಹೌಲ್ಡಿಂಗ್ ಮರುವರ್ಷವೇ ಆ ಜಾಗವನ್ನು ಕೊಂಡು ಕ್ಲಬ್‌ಗೆ ಬಾಡಿಗೆಗೆ ಕೊಟ್ಟ. ತಂಡ ಬೆಳೆದ ಹಾಗೆ ಬಾಡಿಗೆಯೂ ಬೆಳೆಯಿತು: ವರ್ಷಕ್ಕೆ 100 ಪೌಂಡ್ ಇದ್ದದ್ದು 250ಕ್ಕೆ ಏರಿತು. ಜಗಳ ಮುರಿದುಬಿದ್ದು 1892ರಲ್ಲಿ ಎವರ್ಟನ್‌ನವರು ಸ್ಟ್ಯಾನ್ಲಿ ಪಾರ್ಕಿನ ಆಚೆ ಬದಿಯ ಗುಡಿಸನ್ ಪಾರ್ಕಿಗೆ ಹೊರಟುಹೋದರು. ಕೈಯಲ್ಲಿ ಖಾಲಿ ಮೈದಾನ ಉಳಿದುಕೊಂಡ ಹೌಲ್ಡಿಂಗ್ ಅದನ್ನು ತುಂಬಿಸಲಿಕ್ಕೆಂದು ಒಂದು ತಂಡ ಕಟ್ಟಿದ. ಅದೇ ಲಿವರ್‌ಪೂಲ್ ಎಫ್‌ಸಿ. 1892ರ ಸೆಪ್ಟೆಂಬರ್ 1ರಂದು ರಾಥರ್‌ಹ್ಯಾಮ್ ಟೌನ್ ವಿರುದ್ಧ ಸ್ನೇಹಪೂರ್ವಕ ಪಂದ್ಯವಾಡಿ 7-1ರಿಂದ ಗೆದ್ದದ್ದು ಇಲ್ಲಿನ ಅವರ ಮೊದಲ ಆಟ.

ಆ ಕಾಲಕ್ಕೆ ಈ ಜಾಗದ ಸುತ್ತ ಸಾಲುಮನೆಗಳ ಬೀದಿಗಳು ಎದ್ದು ನಿಂತಿದ್ದವು. ಗೋಡೆಗೆ ಗೋಡೆ ತಾಗಿದ ಇಟ್ಟಿಗೆಯ ಮನೆಗಳು, ನಡುವೆ ಸಣ್ಣ ರಸ್ತೆ. ಮುಂದಿನ ನೂರಿಪ್ಪತ್ತು ವರ್ಷ ಆನ್‌ಫೀಲ್ಡ್‌ನ ಆಕಾರವನ್ನು ತೀರ್ಮಾನಿಸಿದ್ದು ವಾಸ್ತುಶಿಲ್ಪಿಗಳಿಗಿಂತ ಹೆಚ್ಚಾಗಿ ಈ ಬೀದಿಗಳು.

1906ರಲ್ಲಿ ಎರಡನೇ ಲೀಗ್ ಪ್ರಶಸ್ತಿ ಬಂದ ಬೆನ್ನಿಗೆ ಎರಡು ದೊಡ್ಡ ಕೆಲಸ ನಡೆದವು. ಆರ್ಚಿಬಾಲ್ಡ್ ಲೀಚ್ ಎಂಬ ಸ್ಕಾಟಿಷ್ ಎಂಜಿನಿಯರ್ ಮೇನ್ ಸ್ಟ್ಯಾಂಡ್ ಕಟ್ಟಿದ; ಅಂದಿನ ಬ್ರಿಟನ್ನಿನ ಸ್ಟೇಡಿಯಂಗಳಲ್ಲಿ ಎಷ್ಟೋ ಅವನ ಕೈಯವೇ. ಗೋಲಿನ ಹಿಂದೆ ಬೂದಿ-ಮಣ್ಣು ಸುರಿದು ಎತ್ತರದ ದಿಬ್ಬ ಮಾಡಿ, ಜನ ನಿಲ್ಲಲು ಮೆಟ್ಟಿಲು ಜೋಡಿಸಿದರು. ಅದಕ್ಕೆ ಸ್ಪಿಯನ್ ಕಾಪ್ ಎಂಬ ಹೆಸರಿಟ್ಟವರು ಸ್ಥಳೀಯ ಪತ್ರಿಕೆಯ ಕ್ರೀಡಾ ಸಂಪಾದಕ ಅರ್ನೆಸ್ಟ್ ಎಡ್ವರ್ಡ್ಸ್. 1900ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನ ಆ ಬೆಟ್ಟದಲ್ಲಿ ನಡೆದ ಕದನದಲ್ಲಿ ಲ್ಯಾಂಕಾಷೈರ್ ಕಡೆಯ ಸೈನಿಕರು ಬಹಳ ಮಂದಿ ಸತ್ತಿದ್ದರು. ಅದೇ ಕದನದಲ್ಲಿ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತ ಭಾರತೀಯ ಆಂಬುಲೆನ್ಸ್ ದಳದಲ್ಲಿ ಗಾಂಧೀಜಿ ಇದ್ದರು. ಕಾಪ್‌ನ ಮೂಲೆಯಲ್ಲಿ ನಿಂತಿರುವ ಧ್ವಜಸ್ತಂಭಕ್ಕೂ ನಮಗೂ ದೂರದ ನಂಟುಂಟು: ಅದು ಗ್ರೇಟ್ ಈಸ್ಟರ್ನ್ ಹಡಗಿನ ಪಟಸ್ತಂಭದ ತುದಿ. 1870ರಲ್ಲಿ ಮುಂಬಯಿ ಮತ್ತು ಏಡನ್ ನಡುವೆ ಸಮುದ್ರದಡಿ ಟೆಲಿಗ್ರಾಫ್ ತಂತಿ ಹಾಸಿದ್ದು ಅದೇ ಹಡಗು. ಹಡಗನ್ನು ಲಿವರ್‌ಪೂಲ್‌ನ ಮರ್ಸಿ ನದಿಯ ದಡದಲ್ಲಿ ಒಡೆದಾಗ ಆ ಕಂಬ ಇಲ್ಲಿಗೆ ಬಂತು.

1928ರಲ್ಲಿ ಕಾಪ್ ಅನ್ನು ಹಿಗ್ಗಿಸಿ ಚಾವಣಿ ಹಾಕಿದಾಗ ಅಲ್ಲೊಂದರಲ್ಲೇ 30,000 ಜನ ನಿಲ್ಲುತ್ತಿದ್ದರು. ಇಂದು ಅದೇ ಜಾಗದಲ್ಲಿ ಇರುವ ಸೀಟುಗಳು ಸುಮಾರು 12,400. ಉಳಿದವರು ಎಲ್ಲಿ ಹೋದರು?

ಲೆಕ್ಕ ಸರಳ. ಬ್ರಿಟನ್ನಿನಲ್ಲಿ ಕ್ರೀಡಾಂಗಣ ಸುರಕ್ಷತೆಗೆ ಗ್ರೀನ್ ಗೈಡ್ ಎಂಬ ಮಾರ್ಗಸೂಚಿ ಇದೆ. 1971ರ ಜನವರಿಯಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದ ಮೆಟ್ಟಿಲಿನಲ್ಲಿ ತುಳಿತಕ್ಕೆ ಸಿಕ್ಕಿ 66 ಮಂದಿ ಸತ್ತ ಮೇಲೆ, 1973ರಲ್ಲಿ ಅದರ ಮೊದಲ ಆವೃತ್ತಿ ಬಂತು. 1975ರಲ್ಲಿ ಕ್ರೀಡಾಂಗಣ ಸುರಕ್ಷತೆಗೆ ಪ್ರತ್ಯೇಕ ಕಾನೂನೂ ಬಂತು. ಆ ಮಾರ್ಗಸೂಚಿಯಂತೆ ಎಲ್ಲವೂ ಸರಿಯಿದ್ದರೂ ನಿಂತು ನೋಡುವ ಜಾಗದಲ್ಲಿ 10 ಚದರ ಮೀಟರಿಗೆ 47 ಜನರಿಗಿಂತ ಹೆಚ್ಚು ಬಿಡುವಂತಿಲ್ಲ. ಕೂರುವ ಜಾಗವಾದರೆ ಒಂದು ಸಾಲಿನ ಆಳ 80 ಸೆಂ.ಮೀ., ಸೀಟಿನ ಅಗಲ 50 ಸೆಂ.ಮೀ. ಇರಬೇಕೆಂಬುದು ಹೊಸ ಕಟ್ಟಡಗಳಿಗೆ ಅದರ ಶಿಫಾರಸು. ಒಬ್ಬರಿಗೆ 0.4 ಚದರ ಮೀಟರ್, ಅಂದರೆ 10 ಚದರ ಮೀಟರಿಗೆ 25 ಜನ. ಓಡಾಡುವ ದಾರಿ, ಬಾಗಿಲು ಕಳೆದರೆ ಇನ್ನೂ ಕಡಿಮೆ. ನಿಂತವರನ್ನು ಕೂರಿಸಿದ ಕ್ಷಣಕ್ಕೇ ಅರ್ಧ ಜನ ಹೊರಗೆ. 1928ರಲ್ಲಿ ತುಂಬುತ್ತಿದ್ದ ರೀತಿಗೆ ಈ ಮಿತಿಯೂ ಇರಲಿಲ್ಲ ಎನ್ನುವುದನ್ನು ಸೇರಿಸಿಕೊಂಡರೆ 30,000 ಇದ್ದದ್ದು 12,400 ಆದದ್ದು ಅರ್ಥವಾಗುತ್ತದೆ.

ಕೂರಿಸಲೇಬೇಕಾಗಿ ಬಂದದ್ದು 1989ರ ಏಪ್ರಿಲ್ 15ರ ದುರಂತದಿಂದ. ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್. ಬೇಲಿ ಹಾಕಿದ ಅಂಕಣದೊಳಗೆ ಜನರನ್ನು ತುಂಬಿ, ಉಸಿರುಗಟ್ಟಿ ಒಟ್ಟು 97 ಲಿವರ್‌ಪೂಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಜನಸಂದಣಿಯ ಮೇಲೆ ಪೊಲೀಸರ ನಿಯಂತ್ರಣ ತಪ್ಪಿದ್ದೇ ಮುಖ್ಯ ಕಾರಣವೆಂದು ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಹೇಳಿದರು. ಅಭಿಮಾನಿಗಳ ತಪ್ಪೇನೂ ಇಲ್ಲವೆಂದು ಎರಡನೇ ಮರಣ ವಿಚಾರಣೆಯ ಜ್ಯೂರಿ 2016ರಲ್ಲಿ ತೀರ್ಪಿತ್ತಿತು. 1990ರ ಜನವರಿಯಲ್ಲಿ ಬಂದ ಟೇಲರ್ ವರದಿಯ ಫಲವಾಗಿ ಮೇಲ್ದರ್ಜೆಯ ಕ್ಲಬ್‌ಗಳೆಲ್ಲ 1994ರ ಆಗಸ್ಟ್ ಹೊತ್ತಿಗೆ ಪೂರ್ತಿ ಆಸನಗಳಿಗೆ ಬದಲಾಗಬೇಕಾಯಿತು. 1994ರ ಏಪ್ರಿಲ್ 30ರಂದು ನಾರಿಚ್ ವಿರುದ್ಧದ ಪಂದ್ಯ ಹಳೆಯ ಕಾಪ್‌ಗೆ ಕೊನೆಯದು. ಲಿವರ್‌ಪೂಲ್ 0-1ರಿಂದ ಸೋತಿತು, ಆಮೇಲೆ ಕಾಪ್ ಅನ್ನು ಕೆಡವಿ ಒಂದೇ ಅಂತಸ್ತಿನ ಈಗಿನ ಸ್ಟ್ಯಾಂಡ್ ಕಟ್ಟಿದರು. ಮುಂದಿನ ಎರಡು ದಶಕ ಆನ್‌ಫೀಲ್ಡ್‌ನ ಸಾಮರ್ಥ್ಯ 45,000ದ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಮ್ಯಾಂಚೆಸ್ಟರ್ ಯುನೈಟೆಡ್ 75,000 ದಾಟಿತ್ತು, ಆರ್ಸೆನಲ್ 60,000ದ ಹೊಸ ಸ್ಟೇಡಿಯಂಗೆ ಹೋಗಿತ್ತು. ಪ್ರತಿ ಪಂದ್ಯಕ್ಕೂ ಟಿಕೆಟ್ ಹಣದಲ್ಲಿ ಹಿಂದೆ ಬೀಳುವುದೆಂದರೆ ಆಟಗಾರರನ್ನು ಕೊಳ್ಳುವುದರಲ್ಲೂ ಹಿಂದೆ ಬಿದ್ದ ಹಾಗೆಯೇ.

ಇನ್ನು ಸೀಟು ಕಳೆದದ್ದನ್ನು ಮತ್ತೆ ಗಳಿಸುವ ಬಗೆ. ಹಿಂದಕ್ಕೆ ಹೋಗಬೇಕು ಇಲ್ಲವೇ ಮೇಲಕ್ಕೆ ಹೋಗಬೇಕು. ಎರಡಕ್ಕೂ ಮಿತಿ ಇದೆ, ಆ ಮಿತಿ ಎಲ್ಲಿದೆ ಎಂಬುದನ್ನು ಅಂಕಿಗಳಲ್ಲೇ ನೋಡುವುದು ಒಳ್ಳೆಯದು.

ನೀವು ಕೂತಲ್ಲಿಂದ ಹತ್ತಿರದ ಟಚ್‌ಲೈನ್‌ಗೆ (ಅಂಗಳದ ಉದ್ದಬದಿಯ ಗೆರೆಗೆ) ಒಂದು ದಾರ ಎಳೆದರೆ ಅದು ಮುಂದಿನ ಸಾಲಿನವರ ಕಣ್ಣಿನ ಮಟ್ಟಕ್ಕಿಂತ ಎಷ್ಟು ಮೇಲೆ ಹಾದುಹೋಗುತ್ತದೆ ಎಂಬುದನ್ನು ವಿನ್ಯಾಸಕಾರರು ಅಳೆಯುತ್ತಾರೆ. ಇದನ್ನು ಸಿ-ವ್ಯಾಲ್ಯೂ ಎನ್ನುತ್ತಾರೆ. 90 ಮಿ.ಮೀ. ಇದ್ದರೆ ಚೆನ್ನ, 60 ಆದರೆ ಕಷ್ಟಪಟ್ಟು ಸರಿ, ಅದಕ್ಕಿಂತ ಕಡಿಮೆಯಾದರೆ ಮುಂದಿನವರ ತಲೆಯನ್ನು ತಪ್ಪಿಸಲು ಕತ್ತು ಉದ್ದ ಮಾಡಬೇಕು. ಲೆಕ್ಕ ಹಾಕುವುದು ಹೀಗೆ: ಮುಂದಿನವರ ಕಣ್ಣು ಟಚ್‌ಲೈನ್‌ಗಿಂತ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ಮೆಟ್ಟಿಲಿನ ಎತ್ತರವನ್ನು ಕೂಡಿಸಿ. ಮುಂದಿನವರಿಂದ ಟಚ್‌ಲೈನ್‌ಗಿರುವ ಅಡ್ಡ ದೂರದಿಂದ ಗುಣಿಸಿ. ಆ ದೂರಕ್ಕೆ ಸಾಲಿನ ಆಳ ಸೇರಿಸಿದ ಮೊತ್ತದಿಂದ ಭಾಗಿಸಿ. ಬಂದದ್ದರಿಂದ ಮೊದಲಿನ ಎತ್ತರ ಕಳೆಯಿರಿ.

ಕೆಳ ಅಂತಸ್ತಿನಲ್ಲಿ ಒಬ್ಬರು ಟಚ್‌ಲೈನ್‌ನಿಂದ 20 ಮೀಟರ್ ದೂರ, 8 ಮೀಟರ್ ಎತ್ತರದಲ್ಲಿ ಕೂತಿದ್ದಾರೆ, ಸಾಲಿನ ಆಳ 0.8 ಮೀಟರ್ ಎಂದಿಟ್ಟುಕೊಳ್ಳಿ. ಅವರ ಹಿಂದಿನ ಮೆಟ್ಟಿಲು 42 ಸೆಂ.ಮೀ. ಎತ್ತರವಿದ್ದರೆ 8.42ನ್ನು 20ರಿಂದ ಗುಣಿಸಿ 20.8ರಿಂದ ಭಾಗಿಸಿದಾಗ 8.096, ಅಂದರೆ ಸಿ-ವ್ಯಾಲ್ಯೂ 96 ಮಿ.ಮೀ. ಇಳಿಜಾರು 28 ಡಿಗ್ರಿಯಷ್ಟು, ಆರಾಮವಾಗಿ ಹತ್ತಬಹುದು. ಈಗ ಮೇಲಿನ ಅಂತಸ್ತಿಗೆ ಹೋಗೋಣ: 45 ಮೀಟರ್ ದೂರ, 25 ಮೀಟರ್ ಎತ್ತರ. ಅದೇ 90 ಮಿ.ಮೀ. ಬೇಕೆಂದರೆ ಪ್ರತಿ ಮೆಟ್ಟಿಲು 53.6 ಸೆಂ.ಮೀ. ಆಗಬೇಕು. ಇಳಿಜಾರು 33.8 ಡಿಗ್ರಿಗೆ ಏರುತ್ತದೆ. ಗ್ರೀನ್ ಗೈಡ್ ಒಪ್ಪುವ ಗರಿಷ್ಠ 34. ಅಲ್ಲಿಂದ ಮೇಲೆ ಮುಗ್ಗರಿಸಿದವರು ಮುಂದಿನ ಸಾಲಿನ ಮೇಲೆ ಬೀಳುವ ಅಪಾಯ. ಹೆಚ್ಚು ಎತ್ತರ ಬೇಕಾದರೆ ಹಿಂದೆ ಸರಿಯಲೇಬೇಕು: ಅದೇ 25 ಮೀಟರ್ ಎತ್ತರವನ್ನು 60 ಮೀಟರ್ ದೂರಕ್ಕೆ ತಳ್ಳಿದರೆ 42.5 ಸೆಂ.ಮೀ. ಮೆಟ್ಟಿಲು ಸಾಕು. ಆದರೆ ಆ 15 ಮೀಟರ್ ಬರುವುದು ಎಲ್ಲಿಂದ? ಸ್ಟೇಡಿಯಂನ ಹಿಂಬದಿಯ ಬೀದಿಯಿಂದ.

ಜಾಗ ನುಂಗುವ ಇನ್ನೊಂದು ಸಂಗತಿ ಹೊರಹೋಗುವ ದಾರಿ. ಟಿವಿಯಲ್ಲಿ ಅದು ಕಾಣುವುದಿಲ್ಲ. ಆಸನದ ಜಾಗದಿಂದ ಹೊರದಾರಿಯ ವ್ಯವಸ್ಥೆಗೆ ಜನ 8 ನಿಮಿಷದೊಳಗೆ ಸೇರಬೇಕು. ಒಂದು ಮೀಟರ್ ಅಗಲದ ಮೆಟ್ಟಿಲಿನಲ್ಲಿ ನಿಮಿಷಕ್ಕೆ 66 ಜನ, ಸಮತಟ್ಟಿನಲ್ಲಿ 82 ಜನ ಇಳಿಯುತ್ತಾರೆಂದು ಲೆಕ್ಕ. ಎಲ್ಲರೂ ಮೆಟ್ಟಿಲಿಳಿಯುವ 20,500 ಜನರ ಸ್ಟ್ಯಾಂಡಿಗೆ ಒಟ್ಟು 39 ಮೀಟರ್ ಅಗಲದ ಮೆಟ್ಟಿಲು ಬೇಕು. ಅದರ ಮೇಲೆ ಶೌಚಾಲಯ, ತಿಂಡಿ ಅಂಗಡಿ, ಲಿಫ್ಟು, ಗಾಲಿಕುರ್ಚಿಯವರ ಜಾಗ. ಸ್ಟ್ಯಾಂಡಿನ ಹಿಂಬದಿ ದಪ್ಪಗಾಗುತ್ತಲೇ ಹೋಗುವುದು ಇದರಿಂದ. ಹಳೆಯ ಕಾಪ್‌ಗೆ ಇಂಥದ್ದೇನೂ ಇರಲಿಲ್ಲ; ಬಿಡುವಿನಲ್ಲಿ ಶೌಚಾಲಯಕ್ಕೆ ಹೋಗಿ ವಾಪಸು ಬರುವುದು ಅಲ್ಲಿ ಆಗದ ಮಾತಾಗಿತ್ತು.

ಬೀದಿಯ ತೊಡಕು ಎಷ್ಟೆಂಬುದು ತಿಳಿದದ್ದು ಕೆಮ್ಲಿನ್ ರಸ್ತೆಯಲ್ಲಿ. 1963ರಲ್ಲಿ ಆ ಬದಿಗೆ 3.5 ಲಕ್ಷ ಪೌಂಡ್ ಖರ್ಚಿನಲ್ಲಿ 6,700 ಸೀಟಿನ ಸ್ಟ್ಯಾಂಡ್ ಕಟ್ಟಿದ್ದರು. ಅದರ ಮೇಲೆ ಎರಡನೇ ಅಂತಸ್ತು ಏರಿಸಬೇಕಾದರೆ ಹಿಂದಿನ ಸಾಲುಮನೆಗಳು ಹೋಗಬೇಕಿತ್ತು. ಕ್ಲಬ್ ಒಂದೊಂದಾಗಿ ಮನೆಗಳನ್ನು ಕೊಂಡಿತು. ಒಂದು ಮನೆಯ ಇಬ್ಬರು ಅಕ್ಕತಂಗಿಯರು ಮಾತ್ರ ಮಾರಲು ಒಪ್ಪಲಿಲ್ಲ. ಅವರು 1990ರಲ್ಲಿ ಒಪ್ಪುವ ತನಕ ಇಡೀ ಯೋಜನೆ ಕಾಯಿತು. 1992ರ ಸೆಪ್ಟೆಂಬರ್ 1ರಂದು, ತಂಡದ ಮೊದಲ ಪಂದ್ಯಕ್ಕೆ ಸರಿಯಾಗಿ ನೂರು ವರ್ಷ ತುಂಬಿದಂದು, ಸೆಂಟಿನರಿ ಸ್ಟ್ಯಾಂಡ್ ಎಂಬ ಹೆಸರಿನಲ್ಲಿ ಅದು ತೆರೆಯಿತು. 2017ರಿಂದ ಅದಕ್ಕೆ ತಂಡದ ಮಾಜಿ ಆಟಗಾರ, ಮ್ಯಾನೇಜರ್ ಕೆನ್ನಿ ಡಾಲ್ಗ್ಲಿಷ್ ಅವರ ಹೆಸರು.

ಇಷ್ಟೆಲ್ಲ ತಾಪತ್ರಯ ಬೇಡವೆಂದೇ 2000ದ ದಶಕದಲ್ಲಿ ಪಕ್ಕದ ಸ್ಟ್ಯಾನ್ಲಿ ಪಾರ್ಕಿನಲ್ಲಿ 60,000 ಜನರ ಹೊಸ ಸ್ಟೇಡಿಯಂ ಕಟ್ಟಲು ಹೊರಟಿದ್ದರು. 2007ರಲ್ಲಿ ಬಂದ ಅಮೆರಿಕದ ಮಾಲೀಕರಾದ ಹಿಕ್ಸ್ ಮತ್ತು ಜಿಲೆಟ್ ಹಳೆಯ ನಕ್ಷೆ ಬಿಟ್ಟು ಹೊಸದು ಬರೆಸಿದರು. 2008ರ ಜಾಗತಿಕ ಹಣಕಾಸಿನ ಬಿಕ್ಕಟ್ಟಿನಲ್ಲಿ ಸಾಲ ಹುಟ್ಟಲಿಲ್ಲ. ನಕ್ಷೆಗಳಿಗೇ ಕೋಟ್ಯಂತರ ಪೌಂಡ್ ಕರಗಿತು, ಒಂದು ಗುದ್ದಲಿ ಮಣ್ಣೂ ಏಳಲಿಲ್ಲ. 2010ರ ಅಕ್ಟೋಬರಿನಲ್ಲಿ ಕ್ಲಬ್ ಕೊಂಡ ಈಗಿನ ಮಾಲೀಕರ ಕೈಯಲ್ಲಿ ಬಾಸ್ಟನ್‌ನ ಫೆನ್‌ವೇ ಪಾರ್ಕ್ ಎಂಬ 1912ರ ಬೇಸ್‌ಬಾಲ್ ಮೈದಾನವಿತ್ತು. ಅದನ್ನು ಕೆಡವದೆ ಇಲ್ಲೊಂದಿಷ್ಟು ಅಲ್ಲೊಂದಿಷ್ಟು ಸೀಟು ಸೇರಿಸಿ ಬದುಕಿಸಿದ ಅನುಭವ ಅವರಿಗಿತ್ತು. 2012ರಲ್ಲಿ ಆನ್‌ಫೀಲ್ಡ್‌ನಲ್ಲೇ ಉಳಿಯುವುದೆಂದು ಪ್ರಕಟಿಸಿದರು.

ಇದನ್ನು ಭಾವನಾತ್ಮಕ ತೀರ್ಮಾನ ಎಂದು ಬಣ್ಣಿಸುವವರಿದ್ದಾರೆ. ಲೆಕ್ಕ ನೋಡಿದರೆ ಅದು ಶುದ್ಧ ವ್ಯಾಪಾರ. ಹೊಸ ಸ್ಟೇಡಿಯಂಗೆ ಆಗಿನ ಅಂದಾಜು 30 ಕೋಟಿ ಪೌಂಡ್‌ಗೂ ಹೆಚ್ಚು. ಆದರೆ ಅದರಿಂದ ನಿಜವಾಗಿ ಹೆಚ್ಚುತ್ತಿದ್ದ ಸೀಟು 60,000 ಅಲ್ಲ, 15,000 ಮಾತ್ರ. ಉಳಿದ 45,000 ಆಗಲೇ ಕೈಯಲ್ಲಿತ್ತು. ಹೆಚ್ಚುವರಿ ಸೀಟೊಂದಕ್ಕೆ 20,000 ಪೌಂಡ್ ಬಿದ್ದ ಹಾಗೆ. ಮುಂದೆ ಮೇನ್ ಸ್ಟ್ಯಾಂಡಿಗೆ ಸುಮಾರು 11 ಕೋಟಿ ಪೌಂಡ್ ಖರ್ಚಾಗಿ 8,500 ಸೀಟು ಹೆಚ್ಚಿತು, ಸೀಟಿಗೆ 13,000. ಕಾಪ್‌ನ ಎದುರು ಗೋಲಿನ ಹಿಂದಿರುವ ಆನ್‌ಫೀಲ್ಡ್ ರೋಡ್ ಕಡೆ 8 ಕೋಟಿಗೆ 7,000 ಸೀಟು, ತಲಾ 11,500ರ ಹತ್ತಿರ. ಅಷ್ಟೇ ಅಲ್ಲ, ಎರಡೂ ಕೆಲಸದ ನಡುವೆ ಉಸಿರಾಡಲು ಸಮಯ ಸಿಕ್ಕಿತು. ಮೊದಲನೆಯದರ ದುಡಿಮೆ ಬರತೊಡಗಿದ ಮೇಲೆ ಎರಡನೆಯದಕ್ಕೆ ಕೈಹಾಕಿದರು.

ಇದಕ್ಕೊಂದು ಬೆಲೆಯೂ ಇದೆ, ಅದನ್ನು ತೆತ್ತವರು ಕ್ಲಬ್‌ನವರಲ್ಲ. ಮೇನ್ ಸ್ಟ್ಯಾಂಡಿನ ಹಿಂದಿನ ಲೋಥೇರ್ ರಸ್ತೆಯ ಮನೆಗಳನ್ನು ವರ್ಷಗಟ್ಟಲೆ ಕೊಳ್ಳುತ್ತ ಬಂದು, ಯೋಜನೆ ಇತ್ತ-ಅತ್ತ ತೂಗಾಡುತ್ತಿದ್ದಾಗ ಅವನ್ನು ಮುಚ್ಚಿಟ್ಟಿದ್ದರು. ಕಿಟಕಿಗಳಿಗೆ ತಗಡು ಬಡಿದ ಮನೆಗಳ ನಡುವೆ ಬದುಕಿದವರ ಬೀದಿ ಪಾಳುಬಿತ್ತು, ಮನೆಯ ಬೆಲೆ ಕುಸಿಯಿತು. ಮಾಲೀಕರು ಬದಲಾದ ಮೇಲೂ ಆ ಕಹಿ ಬಹುಕಾಲ ಉಳಿಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಆಡುತ್ತಲೇ ಕಟ್ಟಿದ್ದು ಹೇಗೆ? ಹಳೆಯ ಸ್ಟ್ಯಾಂಡಿನ ಹಿಂದೆಯೇ ಹೊಸದನ್ನು ನಿಲ್ಲಿಸಿದರು. 2014ರ ಡಿಸೆಂಬರಿನಲ್ಲಿ ಮೇನ್ ಸ್ಟ್ಯಾಂಡಿನ ಕೆಲಸ ಆರಂಭವಾದಾಗ ಮನೆಗಳು ತೆರವಾದ ಜಾಗದಲ್ಲಿ ಅಡಿಪಾಯ ಹಾಕಿ, ಲಿಫ್ಟು-ಮೆಟ್ಟಿಲುಗಳ ಕಾಂಕ್ರೀಟ್ ಗೋಪುರ ಎಬ್ಬಿಸಿ, ಉಕ್ಕಿನ ಚೌಕಟ್ಟನ್ನು ಹಳೆಯ ಚಾವಣಿಯ ಹಿಂದೆ, ಅದರ ತಲೆಗಿಂತ ಎಷ್ಟೋ ಮೇಲಕ್ಕೆ ಬೆಳೆಸಿದರು. ಶನಿವಾರ ಪಂದ್ಯ ನೋಡುವವರು ಎಂದಿನಂತೆ ಹಳೆಯ ಸೀಟುಗಳಲ್ಲಿ. ಅವರ ಬೆನ್ನ ಹಿಂದೆ ಕ್ರೇನುಗಳು ನಿಂತಿದ್ದವು. ಪಂದ್ಯದ ದಿನ ಎತ್ತುವ ಕೆಲಸವಿಲ್ಲ.

ಎಲ್ಲಕ್ಕಿಂತ ದೊಡ್ಡ ಸವಾಲು ಚಾವಣಿ. 1973ರ ಹಳೆಯ ಮೇನ್ ಸ್ಟ್ಯಾಂಡಿನ ಚಾವಣಿಗೆ ನಡುವೆ ಎರಡು ಕಂಬಗಳಿದ್ದವು, ಅವುಗಳ ಹಿಂದೆ ಕೂತವರಿಗೆ ಗೋಲು ಅರ್ಧ ಕಾಣುತ್ತಿತ್ತು. ಹೊಸದಕ್ಕೆ ಕಂಬ ಬೇಡವೆಂದು 140 ಮೀಟರ್ ಉದ್ದದ, 650 ಟನ್ ತೂಕದ ಒಂದು ಉಕ್ಕಿನ ಟ್ರಸ್ (ಸರಳುಗಳನ್ನು ಜೋಡಿಸಿ ಮಾಡಿದ ದೈತ್ಯ ತೊಲೆ) ಅನ್ನು ಅಂಗಳದ ಉದ್ದಕ್ಕೂ ಅಡ್ಡಲಾಗಿ ಕೂರಿಸಿದರು. ಚಾವಣಿಯ ಭಾರ ಆ ಟ್ರಸ್ ಮೂಲಕ ಎರಡು ತುದಿಗಳಿಗೆ ಇಳಿಯುತ್ತದೆ, ನಡುವಿನ ಸೀಟುಗಳ ಮುಂದೆ ಏನೂ ಅಡ್ಡವಿಲ್ಲ. ಹಳೆಯ ಸ್ಟ್ಯಾಂಡ್ ಬಳಕೆಯಲ್ಲಿರುವಾಗಲೇ ಇದು ಮೇಲೇರಿತ್ತು ಎನ್ನುವುದೇ ಇಡೀ ಯೋಜನೆಯ ಜಾಣತನ. ಏಕೆಂದರೆ 2016ರ ಮೇ ತಿಂಗಳಲ್ಲಿ ಸೀಸನ್ ಮುಗಿದಾಗ ಉಳಿದಿದ್ದದ್ದು ಹಳೆಯ ಚಾವಣಿಯನ್ನು ಬಿಚ್ಚಿ, ಮೇಲಿನ ಸಾಲುಗಳನ್ನು ತೆಗೆದು, ಹೊಸ ಅಂತಸ್ತಿನಿಂದ ಕೆಳಗಿನ ಸೀಟುಗಳವರೆಗಿನ ಕಂದಕವನ್ನು ಮುಚ್ಚುವ ಕೆಲಸ. ಇಂಗ್ಲೆಂಡಿನಲ್ಲಿ ಬೇಸಿಗೆಯ ಬಿಡುವು ಮೂರು ತಿಂಗಳಿಗಿಂತ ಕಡಿಮೆ. ಅದು ಸಾಲದು ಎಂದು ಗೊತ್ತಿದ್ದೇ ವೇಳಾಪಟ್ಟಿಯಲ್ಲಿ ಮೊದಲ ಮೂರು ಲೀಗ್ ಪಂದ್ಯಗಳೂ ಪರಸ್ಥಳದಲ್ಲಿದ್ದವು: ಆರ್ಸೆನಲ್, ಬರ್ನ್ಲಿ, ಟಾಟನ್‌ಹ್ಯಾಮ್. ಸೆಪ್ಟೆಂಬರ್ 10ರಂದು ಲೆಸ್ಟರ್ ವಿರುದ್ಧ ಹೊಸ ಸ್ಟ್ಯಾಂಡ್ ತೆರೆಯಿತು, ಲಿವರ್‌ಪೂಲ್ 4-1ರಿಂದ ಗೆದ್ದಿತು. ಸಾಮರ್ಥ್ಯ 54,000ಕ್ಕೆ ಏರಿತು.

ಆನ್‌ಫೀಲ್ಡ್ ರೋಡ್ ಕಡೆಗೂ ಇದೇ ವಿಧಾನ, ಆದರೆ ಅಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಹಳೆಯದು. 1998ರಲ್ಲಿ ಅಲ್ಲಿ ಎರಡನೇ ಅಂತಸ್ತು ಏರಿಸಿದ ನಂತರ ಅಲ್ಲಿ ಕೂತವರು ನೆಲ ಅಲುಗಿತೆಂದು ದೂರಿದರು. ಜನ ಹಾಡಿಗೆ ತಾಳ ಹಾಕಿ ಜಿಗಿಯುವುದು ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ. ಅಂತಸ್ತಿನ ಸಹಜ ಕಂಪನವೂ ಅದರ ಹತ್ತಿರವೋ ಅದರ ಎರಡು ಪಟ್ಟಿನ ಹತ್ತಿರವೋ ಇದ್ದರೆ ಪ್ರತಿ ಜಿಗಿತವೂ ಹಿಂದಿನದಕ್ಕೆ ಬಲ ಕೊಡುತ್ತದೆ. ಮುಂದಕ್ಕೆ ಚಾಚಿದ ಭಾಗ ಉದ್ದವಾದಷ್ಟೂ ಅದರ ಕಂಪನ ನಿಧಾನವಾಗುತ್ತದೆ, ಅಂದರೆ ಜಿಗಿತದ ಲಯಕ್ಕೆ ಹತ್ತಿರ ಬರುತ್ತದೆ. ಕಟ್ಟಡ ಬೀಳುವ ಹಾಗಿರದಿದ್ದರೂ ಜನ ಹೆದರಿ ಒಮ್ಮೆಲೇ ಎದ್ದು ಓಡಿದರೆ ಅದೇ ಅನಾಹುತ. ಪರಿಹಾರವಾಗಿ ಕೆಳಗೆ ಹೆಚ್ಚುವರಿ ಆಧಾರ ಕಂಬ ಕೊಟ್ಟರು. ಅದರಿಂದ ಕೆಳಗಿನ ಕೆಲವರಿಗೆ ಕಂಬದ ಹಿಂದಿನಿಂದ ಆಟ ನೋಡುವ ಭಾಗ್ಯ ಬಂತು. ಚಾಚು ಅಂತಸ್ತುಗಳಿಗೆ ಕಂಪನದ ಲೆಕ್ಕವನ್ನು ಕಟ್ಟುವ ಮೊದಲೇ ಮಾಡಬೇಕೆನ್ನುವುದು ಇದಕ್ಕೆ.

ಎರಡನೆಯದು 2021ರ ಸೆಪ್ಟೆಂಬರಿನಲ್ಲಿ ಶುರುವಾದ ಕೆಲಸದ್ದು. ಕೆಳಗಿನ ಅಂತಸ್ತನ್ನು ಉಳಿಸಿಕೊಂಡು, ಹಿಂದೆ ಹಾದುಹೋಗುತ್ತಿದ್ದ ಆನ್‌ಫೀಲ್ಡ್ ರಸ್ತೆಯನ್ನೇ ಬೇರೆ ದಾರಿಗೆ ತಿರುಗಿಸಿ, ಅದು ಬಿಟ್ಟುಕೊಟ್ಟ ಜಾಗದಲ್ಲಿ ಹೊಸ ಮೇಲಂತಸ್ತು. 2023ರ ಆಗಸ್ಟ್‌ಗೆ ಮುಗಿಯಬೇಕಿತ್ತು. ಬೇಸಿಗೆಯಲ್ಲಿ ಹಳೆಯ ಚಾವಣಿ ತೆಗೆದಾಗಿದೆ, ಹೊಸದು ಪೂರ್ತಿಯಾಗಿಲ್ಲ, ಆ ಹೊತ್ತಿಗೆ ಗುತ್ತಿಗೆದಾರ ಬಕಿಂಗ್‌ಹ್ಯಾಮ್ ಗ್ರೂಪ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಮುಖ್ಯ ಗುತ್ತಿಗೆದಾರ ಬಿದ್ದರೆ ಉಪಗುತ್ತಿಗೆದಾರರ ಒಪ್ಪಂದಗಳೆಲ್ಲ ಗಾಳಿಗೆ ತೂರಿದಂತೆ: ಯಾರ ಬಿಲ್ಲು ಬಾಕಿ, ಯಾವ ಸಾಮಾನು ಯಾರದು, ಕಟ್ಟಿದ ಭಾಗಕ್ಕೆ ಗ್ಯಾರಂಟಿ ಯಾರದು ಎನ್ನುವುದೆಲ್ಲ ಮತ್ತೆ ಬರೆದುಕೊಳ್ಳಬೇಕು. ರೇನರ್ ರೋವನ್ ಎಂಬ ಸಂಸ್ಥೆ ಕೆಲಸ ಮುಂದುವರಿಸಿತು. ಡಿಸೆಂಬರ್ 17ರಂದು ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಮೇಲಂತಸ್ತಿನ ಒಂದು ಭಾಗವನ್ನಷ್ಟೇ ತೆರೆದು 57,158 ಜನರನ್ನು ಬಿಟ್ಟರು. 2024ರ ಫೆಬ್ರುವರಿ 10ರಂದು ಬರ್ನ್ಲಿ ವಿರುದ್ಧ 59,896 ಜನ ಬಂದರು. ಲೀಗ್ ಪಂದ್ಯಕ್ಕೆ ಇಲ್ಲಿ ಅದು ಆವರೆಗಿನ ದಾಖಲೆ. ಹಂತಹಂತವಾಗಿ ಕಟ್ಟುವುದರ ಲಾಭ ಇಲ್ಲೇ ಕಂಡದ್ದು: ಇಡೀ ಸ್ಟೇಡಿಯಂ ಹೊಸದಾಗಿದ್ದು ಗುತ್ತಿಗೆದಾರ ಮುಳುಗಿದ್ದರೆ ತಂಡಕ್ಕೆ ಆಡಲು ಜಾಗವಿರುತ್ತಿರಲಿಲ್ಲ. ಇಲ್ಲಿ ಒಂದು ಬದಿಯ ಒಂದು ಅಂತಸ್ತು ಮಾತ್ರ ಕೆಲವು ತಿಂಗಳು ಖಾಲಿ ಉಳಿಯಿತು.

ಹೀಗೆ ಬೆಳೆಸಿದ ಸ್ಟೇಡಿಯಂನಲ್ಲಿ ಸರಿಪಡಿಸಲಾಗದ್ದೊಂದು ಉಳಿದುಕೊಳ್ಳುತ್ತದೆ: ನಡುವಿನ ಅಂಗಳ. ಆನ್‌ಫೀಲ್ಡ್‌ನ ಅಂಗಳ 101 ಮೀಟರ್ ಉದ್ದ, 68 ಮೀಟರ್ ಅಗಲ. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಇಎಫ್‌ಎ ಬಯಸುವ ಉದ್ದ 105. ನಾಲ್ಕೇ ಮೀಟರ್ ಎನ್ನಬಹುದು, ಆದರೆ ಎರಡೂ ಗೋಲುಗಳ ಹಿಂದೆ ಕಾಂಕ್ರೀಟ್ ನಿಂತಾಗಿದೆ. 2028ರ ಯೂರೋ ಟೂರ್ನಿಗೆ ಲಿವರ್‌ಪೂಲ್ ನಗರದಿಂದ ಆಯ್ಕೆಯಾದದ್ದು ಎವರ್ಟನ್‌ನ ಹೊಸ ಸ್ಟೇಡಿಯಂ. ಗುಡಿಸನ್ ಪಾರ್ಕಿನ ಮೂಲೆಯಲ್ಲಿ ಚರ್ಚು, ಸುತ್ತ ಬೀದಿ, ಹಿಂದೆ ಸರಿಯಲು ಎಲ್ಲೂ ಜಾಗವಿಲ್ಲದ ಎವರ್ಟನ್ 2025ರಲ್ಲಿ ಬ್ರ್ಯಾಮ್ಲಿ-ಮೂರ್ ಹಡಗುಕಟ್ಟೆಯಲ್ಲಿ 52,000ಕ್ಕೂ ಹೆಚ್ಚು ಜನರ ಸ್ಟೇಡಿಯಂಗೆ ಸಾಗಿತು. ಹಿಂದೆ ಜಾಗ ಮಾಡಿಕೊಳ್ಳಬಲ್ಲವರು ಉಳಿಯುತ್ತಾರೆ, ಆಗದವರು ಹೊರಡುತ್ತಾರೆ.

ಎತ್ತರದ ಸ್ಟ್ಯಾಂಡುಗಳಿಂದ ಹುಲ್ಲಿಗೂ ತೊಂದರೆ. ಚಳಿಗಾಲದಲ್ಲಿ ಮೊದಲೇ ಕೆಳಗಿರುವ ಸೂರ್ಯ ಚಾವಣಿಯ ಹಿಂದೆ ಮರೆಯಾಗುತ್ತಾನೆ, ಗಾಳಿಯೂ ಆಡುವುದಿಲ್ಲ. ಹಾಗಾಗಿ ಪಂದ್ಯವಿಲ್ಲದ ದಿನ ಗಾಲಿಯ ಮೇಲಿನ ದೀಪಗಳನ್ನು ಹುಲ್ಲಿನ ಮೇಲೆ ನಿಲ್ಲಿಸುತ್ತಾರೆ. ಬೇರು ಕೀಳದಂತೆ ಪ್ಲಾಸ್ಟಿಕ್ ಎಳೆಗಳನ್ನು ಸುಮಾರು 2 ಸೆಂ.ಮೀ. ಅಂತರದಲ್ಲಿ 18 ಸೆಂ.ಮೀ. ಆಳಕ್ಕೆ ಹೊಲಿಯುವ ಪದ್ಧತಿ ಇಂಗ್ಲೆಂಡಿನ ದೊಡ್ಡ ಮೈದಾನಗಳಲ್ಲಿ ಸಾಮಾನ್ಯ.

ಕೊನೆಗೆ ಕಂಠೀರವದ ಮಾತು. ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್ ಅನ್ನು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿ 2014ರಲ್ಲಿ ಕಂಠೀರವಕ್ಕೆ ಬಂತು. ಅದು ಅಥ್ಲೆಟಿಕ್ಸ್ ಕ್ರೀಡಾಂಗಣ. ದೂರಕ್ಕೆ ಕಾರಣ ಓಟದ ಟ್ರ್ಯಾಕು. 400 ಮೀಟರಿನ ಪ್ರಮಾಣಿತ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ಒಳ ತ್ರಿಜ್ಯ 36.5 ಮೀಟರ್, ಒಂದು ಲೇನಿನ ಅಗಲ 1.22 ಮೀಟರ್. ಅದರೊಳಗೆ 105 ಮೀಟರಿನ ಅಂಗಳ ಇಟ್ಟರೆ ಗೋಲು ಗೆರೆಯಿಂದ ಎಂಟನೇ ಲೇನಿನ ಹೊರ ಅಂಚಿಗೇ 36 ಮೀಟರ್ ಆಗುತ್ತದೆ. ಅದಾದ ಮೇಲೆ ಬೇಲಿ, ಆಮೇಲೆ ಸೀಟು. ಆನ್‌ಫೀಲ್ಡ್‌ನ ಕಾಪ್‌ನಲ್ಲಿ ಮೊದಲ ಸಾಲಿನಿಂದ ಗೋಲು ಬಲೆಗೆ ಕೆಲವೇ ಮೀಟರ್. ಬದಿಯಲ್ಲಿ ಅಷ್ಟು ಕೆಟ್ಟದಲ್ಲ: ಟಚ್‌ಲೈನ್‌ನಿಂದ ಟ್ರ್ಯಾಕಿನ ಹೊರ ಅಂಚಿಗೆ ಸುಮಾರು 12 ಮೀಟರ್.

ದೂರದ ಜೊತೆಗೆ ಕೋನವೂ ಸೇರುತ್ತದೆ. ಗೋಲಿನ ಹಿಂದೆ ಕೆಳಸಾಲಿನಲ್ಲಿ ಕೂತರೆ ಕಣ್ಣು ನೆಲದಿಂದ ಎರಡು-ಮೂರು ಮೀಟರ್ ಮೇಲಿರುತ್ತದೆ, ಅಂಗಳದ ಆಚೆ ತುದಿ 140 ಮೀಟರ್ ದಾಟಿ. ಅಷ್ಟು ಕಿರಿದಾದ ಕೋನದಲ್ಲಿ ಆಟಗಾರರು ಒಬ್ಬರ ಹಿಂದೊಬ್ಬರು ಮರೆಯಾಗುತ್ತಾರೆ, ಯಾರು ಮುಂದಿದ್ದಾರೆ ಯಾರು ಹಿಂದಿದ್ದಾರೆ ತಿಳಿಯುವುದಿಲ್ಲ. ಆದ್ದರಿಂದ ಟ್ರ್ಯಾಕ್ ಇರುವ ಯಾವುದೇ ಸ್ಟೇಡಿಯಂಗೆ ಹೋದರೂ ಗೋಲಿನ ಹಿಂದಿನ ಅಗ್ಗದ ಟಿಕೆಟ್ ಬಿಟ್ಟು ಉದ್ದಬದಿಯ ಸ್ಟ್ಯಾಂಡ್ ಆರಿಸಿಕೊಳ್ಳಿ. ಅದರಲ್ಲೂ ಮಧ್ಯರೇಖೆಯ ನೇರಕ್ಕೆ, ಆದಷ್ಟು ಮೇಲಿನ ಸಾಲು.